ಹೇಳದೆ ಮಾಡಿದ ಕೆಲಸಕ್ಕೆ ಹಣ ಕೊಡಬೇಕೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಮೇಲಂತಸ್ತಿನ ಕೆಲಸ ಮುಗಿಯಿತು. ಕೊನೆಯ ದಿನ ಮೇಸ್ತ್ರಿಯವರು ಅಬ್ಬಾ ಅವರ ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಎರಡು ಮೊತ್ತ ಬರೆದಿತ್ತು. ಮೊದಲನೆಯದು ‘ಬಾಕಿ 1,40,000’. ಅದು ನಮಗೆ ಗೊತ್ತಿದ್ದ ಹಣ. ಎರಡನೆಯದು ‘ಎಕ್ಸ್‌ಟ್ರಾ ಕೆಲಸ 2,12,000’. ಅದು ನಮಗೆ ಗೊತ್ತೇ ಇರಲಿಲ್ಲ. ಅಬ್ಬಾ ಹಾಳೆಯನ್ನು ಎರಡು ಸಲ ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು, “ಎರಡೂ ಕೊಡಲ್ಲ, ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ” ಎಂದುಬಿಟ್ಟರು.

ಅಬ್ಬಾ ಅವರದು ಚಿಕ್ಕ ಬಟ್ಟೆ ಅಂಗಡಿ. ಈ ಮೇಲಂತಸ್ತಿಗೆ ಅಮ್ಮಿಯ ನಾಲ್ಕು ಬಳೆ ಹೋಗಿದ್ದವು, ಐದು ವರ್ಷ ಕಟ್ಟಿದ ಚೀಟಿಯ ಹಣ ಹೋಗಿತ್ತು. ಇನ್ನು ಉಳಿದಿದ್ದದ್ದು ನನ್ನ ಬಿ.ಕಾಂ.ಗೆಂದು ತೆಗೆದಿಟ್ಟಿದ್ದ ಹಣ ಮಾತ್ರ. ಮನೆಯ ಖರ್ಚಿನ ಪುಸ್ತಕ ಬರೆಯುವುದು ನಾನೇ ಆದ್ದರಿಂದ ಈ ಲೆಕ್ಕ ನನಗೆ ಎಲ್ಲರಿಗಿಂತ ಮೊದಲು ಹೊಳೆಯಿತು.

ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಅಧ್ಯಾಯವನ್ನು ನಾವೆಲ್ಲ ಓದುತ್ತೇವೆ. ಗ್ರಾಹಕರ ಆರು ಹಕ್ಕುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಆ ಅಧ್ಯಾಯದ ಉದಾಹರಣೆಗಳಲ್ಲಿ ವ್ಯಾಪಾರಿ ಯಾವಾಗಲೂ ಕಡಿಮೆ ಕೊಡುತ್ತಾನೆ: ತೂಕ ಕಡಿಮೆ, ಗುಣ ಕಡಿಮೆ. ನಮ್ಮ ಮೇಸ್ತ್ರಿಯವರು ಮಾಡಿದ್ದು ಉಲ್ಟಾ. ಹೇಳಿದ್ದಕ್ಕಿಂತ ಹೆಚ್ಚು ಮಾಡಿ ಅದಕ್ಕೆ ಹಣ ಕೇಳಿದರು. ಇದಕ್ಕೆ ಉತ್ತರ ನಮ್ಮ ಪುಸ್ತಕದಲ್ಲಿ ಸಿಗಲಿಲ್ಲ. ಉಪನ್ಯಾಸಕರನ್ನು ಕೇಳಿ, ಎಲ್‌ಎಲ್‌ಬಿ ಓದುತ್ತಿರುವ ಖಾಲಾ ಮಗನ ಪುಸ್ತಕ ತಂದು ರಜೆಯಲ್ಲಿ ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರಲ್ಲಿ ಮನೆ ಕಟ್ಟಿಸುತ್ತಿರುವವರೂ ಇರಬಹುದು, ಗುತ್ತಿಗೆ ಕೆಲಸ ಮಾಡುವವರ ಮಕ್ಕಳೂ ಇರಬಹುದು. ಇಬ್ಬರಿಗೂ ಬೇಕಾದ ವಿಷಯ ಇದು.

ಮೊದಲು ಕರಾರು ಏನಿತ್ತು ಎಂದು ಹೇಳುತ್ತೇನೆ. ನಮ್ಮ ಕಡೆ ಮನೆ ಕೆಲಸವನ್ನು ಚದರದ ಲೆಕ್ಕದಲ್ಲಿ ಮಾತಾಡುತ್ತಾರೆ. ನೂರು ಚದರ ಅಡಿಗೆ ಒಂದು ಚದರ. ಗುತ್ತಿಗೆಯಲ್ಲಿ ಎರಡು ಬಗೆ. ಲೇಬರ್ ಕಾಂಟ್ರಾಕ್ಟ್ ಎಂದರೆ ಸಿಮೆಂಟು, ಕಂಬಿ, ಎಂ-ಸ್ಯಾಂಡ್ ಎಲ್ಲ ಮನೆಯವರು ತಂದುಕೊಡಬೇಕು, ಮೇಸ್ತ್ರಿ ಆಳು ತಂದು ಕೆಲಸ ಮಾಡಿಸುತ್ತಾರೆ. ಇನ್ನೊಂದು ಮೆಟೀರಿಯಲ್ ಸಮೇತ. ನಮ್ಮದು ಎರಡನೆಯದು. ಆರು ಚದರ, ಚದರ ಅಡಿಗೆ 1,900 ರೂಪಾಯಿ, ಒಟ್ಟು 11,40,000. ಸಿಮೆಂಟಿನ ಕಂಪನಿ, ಕಂಬಿಯ ದಪ್ಪ, ಮೆಟ್ಟಿಲಿಗೆ ಕಡಪ ಕಲ್ಲು, ಐದು ಕಂತು. ಇಷ್ಟನ್ನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದರು. ಅನೇಕರು ಇಷ್ಟೂ ಬರೆಯುವುದಿಲ್ಲ. ಆದರೆ ಮಧ್ಯೆ ಏನಾದರೂ ಬದಲಾದರೆ ಯಾರು ಯಾರನ್ನು ಕೇಳಬೇಕು ಎಂಬ ಒಂದು ಸಾಲು ಅದರಲ್ಲಿ ಇರಲಿಲ್ಲ.

ಚದರ ಅಡಿಯ ದರದಲ್ಲಿ ಒಂದು ಗುಟ್ಟಿದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗುತ್ತದೆ. 1,900 ಎಂಬುದು ಗೋಡೆ, ಬಾಗಿಲು, ವೈರಿಂಗು, ಬಣ್ಣ ಎಲ್ಲ ಸೇರಿದ ಸರಾಸರಿ. ಬಾತ್‌ರೂಮಿನ ಒಂದು ಅಡಿಗೆ ಮೇಸ್ತ್ರಿಗೆ ಅದಕ್ಕಿಂತ ಹೆಚ್ಚು ಖರ್ಚು ಬರುತ್ತದೆ, ಖಾಲಿ ಕೋಣೆಯ ಒಂದು ಅಡಿಗೆ ಕಡಿಮೆ. ಗೋಡೆಯೇ ಇಲ್ಲದ ಬಾಲ್ಕನಿಯ ಅಡಿಗೆ ಇನ್ನೂ ಬಹಳ ಕಡಿಮೆ. ಆದರೆ ಅಳತೆ ಟೇಪಿಗೆ ಎಲ್ಲ ಅಡಿಯೂ ಒಂದೇ. ಹಾಗಾಗಿ ಬಾಲ್ಕನಿ ಎಷ್ಟು ಉದ್ದವಾದರೆ ಅಷ್ಟು ಲಾಭ. ನಮ್ಮ ಮೇಸ್ತ್ರಿ ಹೀಗೆ ಯೋಚಿಸಿಯೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಯಾವ ಕಡೆ ಎಳೆಯುತ್ತದೆ ಎಂದು ಮಾತ್ರ ಹೇಳುತ್ತಿದ್ದೇನೆ.

ಎರಡು ದಿನ ಮನೆಯಲ್ಲಿ ಯಾರೂ ಆ ಹಾಳೆಯ ಬಗ್ಗೆ ಮಾತಾಡಲಿಲ್ಲ. ಮೂರನೆಯ ದಿನ ನಾನು ಮೇಸ್ತ್ರಿಯವರಿಗೆ ಫೋನ್ ಮಾಡಿ, 2,12,000ವನ್ನು ಒಂದೊಂದಾಗಿ ಬಿಡಿಸಿ ಹೇಳಿ ಎಂದು ಕೇಳಿದೆ. ಮೊದಲ ಪಿಯುಸಿಯಲ್ಲಿ ಮಾಡಿದ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ನೆನಪಾಯಿತು. ಪಾಸ್‌ಬುಕ್ಕಿನ ಬಾಕಿಗೂ ಕ್ಯಾಷ್‌ಬುಕ್ಕಿನ ಬಾಕಿಗೂ ತಾಳೆಯಾಗದಿದ್ದರೆ ಬ್ಯಾಂಕಿನವರು ಕಳ್ಳರು ಎಂದು ನಾವು ಬರೆಯುವುದಿಲ್ಲ. ಒಬ್ಬರ ಪುಸ್ತಕದಲ್ಲಿದ್ದು ಇನ್ನೊಬ್ಬರ ಪುಸ್ತಕದಲ್ಲಿ ಇಲ್ಲದ ನಮೂದು ಯಾವುದು ಎಂದು ಹುಡುಕುತ್ತೇವೆ. ಇಲ್ಲಿ ಐದು ನಮೂದು ಸಿಕ್ಕಿದವು. ದಾದಿಯ ಬಾತ್‌ರೂಮಿಗೆ ವೆಸ್ಟರ್ನ್ ಕಮೋಡ್ ಮತ್ತು ಹಿಡಿಕೆ 14,000. ದೊಡ್ಡ ನೀರಿನ ಟ್ಯಾಂಕು 16,000. ಹಳೆ ಗೋಡೆಯ ಮೇಲೆ ಹೊಸ ಬೀಮ್ 30,000. ಮೆಟ್ಟಿಲಿಗೆ ಕಡಪ ಬದಲು ಗ್ರಾನೈಟ್, ವ್ಯತ್ಯಾಸ 38,000. ಬಾಲ್ಕನಿ, 20 ಅಡಿ ಉದ್ದ 3 ಅಡಿ ಅಗಲ, 60 ಚದರ ಅಡಿಗೆ 1,14,000.

ಐದಕ್ಕೂ ಒಂದೇ ಉತ್ತರ ಇಲ್ಲ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. ಅಬ್ಬಾ ಐದನ್ನೂ ಸೇರಿಸಿ ಇಲ್ಲ ಎಂದರು, ಮೇಸ್ತ್ರಿ ಐದನ್ನೂ ಸೇರಿಸಿ ಕೊಡಿ ಎಂದರು. ಜಗಳ ಬೆಳೆದದ್ದು ಆ ಮೊತ್ತದ ಮೇಲೆ.

ಬಾತ್‌ರೂಮಿನದು ಸುಲಭ. ದಾದಿಯೇ ಮೇಸ್ತ್ರಿಯನ್ನು ಕರೆದು ಮೊಣಕಾಲು ತೋರಿಸಿ ಹೇಳಿದ್ದರು, ಅಬ್ಬಾ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದರು. ಭಾರತೀಯ ಕರಾರು ಕಾಯ್ದೆ, 1872ರ 62ನೇ ಕಲಂ ಪ್ರಕಾರ ಇಬ್ಬರೂ ಒಪ್ಪಿ ಕರಾರನ್ನು ಬದಲಾಯಿಸಬಹುದು. ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ, ಸಾಬೀತು ಮಾಡುವುದು ಕಷ್ಟ ಅಷ್ಟೇ. ಬೀಮ್ ವಿಷಯದಲ್ಲಿ ಸಾಬೀತು ಕೂಡ ಕಷ್ಟವಿರಲಿಲ್ಲ. ಹಳೆ ಗೋಡೆಯ ಗಾರೆ ಕೆತ್ತಿದಾಗ ಬಿರುಕು ಕಂಡಿತ್ತು. ಮೇಸ್ತ್ರಿ ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಿ, ಬೀಮ್ ಹಾಕದಿದ್ದರೆ ಆಗಲ್ಲ, ಸುಮಾರು ಮೂವತ್ತು ಆಗುತ್ತೆ ಎಂದು ಬರೆದಿದ್ದರು. ಅಬ್ಬಾ ಅಂಗಡಿಯಲ್ಲಿ ಗಿರಾಕಿ ನಡುವೆ ಹೆಬ್ಬೆರಳಿನ ಚಿಹ್ನೆ ಒತ್ತಿ ಮರೆತಿದ್ದರು. ಆ ಚಿಹ್ನೆ ಇನ್ನೂ ಫೋನಿನಲ್ಲಿದೆ. ಫೋನಿನಲ್ಲಿ ಆದ ಕರಾರು ಎಂಬ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಅದನ್ನು ಅಬ್ಬಾ ಅವರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಸುಮ್ಮನಾದರು.

ಟ್ಯಾಂಕಿನದು ಸ್ವಲ್ಪ ಗೊಂದಲ. ಮೇಸ್ತ್ರಿ ಫೋನಿನಲ್ಲಿ “500 ಲೀಟರ್ ಸಾಲಲ್ಲ ಸಾಹೇಬ್ರೇ, ಸಾವಿರದ್ದು ಹಾಕೋಣ” ಎಂದಿದ್ದರು. ಅಬ್ಬಾ “ನೋಡೋಣ” ಎಂದಿದ್ದರು. ಈ ನೋಡೋಣ ಎಂಬ ಮಾತಿನ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಉರ್ದುವಿನಲ್ಲಿ ‘ದೇಖೇಂಗೆ’ ಎನ್ನುತ್ತೇವೆ, ಅದೂ ಹೀಗೆಯೇ. ಹೆಣ್ಣು ನೋಡಲು ಬಂದವರು ನೋಡೋಣ ಎಂದರೆ ಬೇಡ ಎಂದರ್ಥ. ಸಾಲ ಕೇಳಿದವನಿಗೆ ನೋಡೋಣ ಎಂದರೆ ಇಲ್ಲ ಎಂದರ್ಥ. ಕೆಲಸ ಮಾಡುವ ಮೇಸ್ತ್ರಿಗೆ ನೋಡೋಣ ಎಂದರೆ ಅವರು ಹೂಂ ಎಂದು ತಿಳಿಯುತ್ತಾರೆ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು ಎಂದು 13ನೇ ಕಲಂ ಹೇಳುತ್ತದೆ. ಆ ಅಳತೆಗೆ ನೋಡೋಣ ಎಂಬ ಉತ್ತರ ನಿಲ್ಲುವುದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ಯಾಂಕು ಬಂದು ಮೂರು ದಿನ ಅಂಗಳದಲ್ಲೇ ಇತ್ತು. ವಾಪಸ್ ಕಳಿಸಿ ಎಂದು ಹೇಳಲು ನಮಗೆ ಮೂರು ದಿನ ಸಮಯವಿತ್ತು. ಯಾರೂ ಹೇಳಲಿಲ್ಲ. ಮೇಲಿಟ್ಟ ಮೇಲೆ ಅದೇ ನೀರಿನಲ್ಲಿ ವುಝೂ ಮಾಡಿದೆವು.

ಗ್ರಾನೈಟಿನ ಕಥೆಯಲ್ಲಿ ನನ್ನ ತಪ್ಪೂ ಇದೆ. ಮೇಸ್ತ್ರಿ ಎರಡು ತುಂಡು ತಂದು ಯಾವುದು ಚೆನ್ನಾಗಿದೆ ಎಂದು ಕೇಳಿದಾಗ ಕಪ್ಪನ್ನು ಬೆರಳಿನಿಂದ ತೋರಿಸಿದ್ದು ನಾನು. ನನಗೆ ಹದಿನೇಳು ವರ್ಷ. ಹದಿನೆಂಟು ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲ, 11ನೇ ಕಲಂ ಹಾಗೆ ಹೇಳುತ್ತದೆ, ಆದ್ದರಿಂದ ನನ್ನ ಬೆರಳು ಲೆಕ್ಕಕ್ಕಿಲ್ಲ ಎಂದು ವಾದಿಸಬಹುದಿತ್ತು. ಆದರೆ ಕಲ್ಲು ಕೂಡಿಸಲು, ಅಂಚು ಪಾಲಿಶ್ ಮಾಡಲು ಹತ್ತು ದಿನ ಹಿಡಿಯಿತು. ಹತ್ತು ದಿನವೂ ಅಬ್ಬಾ ಅದೇ ಮೆಟ್ಟಿಲು ಹತ್ತಿ ಇಳಿದರು. ಅಮ್ಮಿ ಚೆನ್ನಾಗಿದೆ ಎಂದರು. ಕಡಪ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮಾತಿನಲ್ಲಿ ಹೇಳದೆ ನಡವಳಿಕೆಯಲ್ಲಿ ತೋರಿಸಿದ ಒಪ್ಪಿಗೆಯನ್ನೂ ಕರಾರು ಕಾಯ್ದೆಯ 9ನೇ ಕಲಂ ಒಪ್ಪುತ್ತದೆ. ಕಡಪ ಎಂದು ಬರೆದ ಹಾಳೆ ನಮ್ಮ ಕೈಯಲ್ಲಿತ್ತು ನಿಜ, ಗ್ರಾನೈಟು ನಮ್ಮ ಕಾಲಡಿಯಲ್ಲಿತ್ತು.

ಉಳಿದದ್ದು ಬಾಲ್ಕನಿ. ನಿಜವಾದ ಪ್ರಶ್ನೆ ಇದೇ.

ಫುಫ್ಫು ಮಗಳ ಮದುವೆಗೆ ನಾವೆಲ್ಲ ನಾಲ್ಕು ದಿನ ಹುಬ್ಬಳ್ಳಿಗೆ ಹೋಗಿದ್ದೆವು. ಮೋಲ್ಡ್ ಹಾಕುವುದು ನಾವು ಬಂದ ಮೇಲೆ ಸೋಮವಾರ ಎಂದು ಮಾತಾಗಿತ್ತು. ಮಿಕ್ಸರ್ ಮತ್ತು ಆಳುಗಳು ಶನಿವಾರವೇ ಸಿಕ್ಕರೆಂದು ಮೇಸ್ತ್ರಿ ಅಂದೇ ಹಾಕಿಬಿಟ್ಟರು. ಬಂದು ನೋಡಿದರೆ ಮುಂದಿನ ಕಡೆ ಮೂರು ಅಡಿ ಸ್ಲ್ಯಾಬ್ ಹೊರಗೆ ಚಾಚಿತ್ತು. ಕೆಳಗೆ ಸೆಂಟ್ರಿಂಗ್ ಇನ್ನೂ ಹಾಗೇ ಇತ್ತು, ಮೇಲೆ ಒದ್ದೆ ಗೋಣಿಚೀಲ. “ಯಾರನ್ನ ಕೇಳಿ ಹಾಕಿದ್ರಿ?” ಎಂದು ಅಬ್ಬಾ ಕೂಗಿದರು. “ಮನೆಗೆ ಮುಖ ಬೇಕಲ್ಲ ಸಾಹೇಬ್ರೇ, ನಮ್ಮನೆ ಅಂದ್ಕೊಂಡು ಮಾಡಿದ್ದೀನಿ” ಎಂದರು ಮೇಸ್ತ್ರಿ. ಇದಕ್ಕೆ ನಾನು ದುಡ್ಡು ಕೊಡಲ್ಲ ಎಂದು ಅಬ್ಬಾ ಅಲ್ಲೇ, ಆಳುಗಳ ಮುಂದೆಯೇ ಹೇಳಿದರು. ಆದರೆ ಬರೆದು ಕಳಿಸಲಿಲ್ಲ.

ಕರಾರು ಇಲ್ಲದ ಕೆಲಸಕ್ಕೆ ಹಣ ಕೇಳಬಹುದೇ? ಕೆಲವು ಸಲ ಕೇಳಬಹುದು. ಕರಾರು ಕಾಯ್ದೆಯ 70ನೇ ಕಲಂ ಇರುವುದೇ ಅದಕ್ಕೆ. ಒಬ್ಬನು ಇನ್ನೊಬ್ಬನಿಗಾಗಿ ಕಾನೂನುಬದ್ಧವಾಗಿ ಏನನ್ನಾದರೂ ಮಾಡಬೇಕು, ಅದನ್ನು ಪುಕ್ಕಟೆ ಮಾಡುವ ಉದ್ದೇಶ ಅವನಿಗೆ ಇರಬಾರದು, ಆ ಇನ್ನೊಬ್ಬನು ಅದರ ಪ್ರಯೋಜನ ಪಡೆಯಬೇಕು. ಈ ಮೂರೂ ಇದ್ದರೆ ಪರಿಹಾರ ಕೊಡಬೇಕು, ಅಥವಾ ಕೊಟ್ಟ ವಸ್ತುವನ್ನು ವಾಪಸ್ ಮಾಡಬೇಕು. ಕಾಯ್ದೆಯಲ್ಲೇ ಎರಡು ಉದಾಹರಣೆ ಇವೆ. ವ್ಯಾಪಾರಿ ತಪ್ಪಾಗಿ ನಿಮ್ಮ ಮನೆಯಲ್ಲಿ ಸಾಮಾನು ಬಿಟ್ಟುಹೋದ, ನೀವು ಅದನ್ನು ನಿಮ್ಮದೇ ಎಂಬಂತೆ ಬಳಸಿದಿರಿ. ಹಣ ಕೊಡಬೇಕು. ಒಬ್ಬರು ನಿಮ್ಮ ಆಸ್ತಿಯನ್ನು ಬೆಂಕಿಯಿಂದ ಉಳಿಸಿದರು, ಪುಕ್ಕಟೆ ಸಹಾಯ ಮಾಡಲೆಂದೇ ಬಂದಿದ್ದರು ಎಂದು ಸಂದರ್ಭದಿಂದ ತಿಳಿಯುತ್ತದೆ. ಹಣ ಕೊಡಬೇಕಾಗಿಲ್ಲ.

ಈ ಕಲಂ ಬಗ್ಗೆ ಎಲ್ಲ ಪುಸ್ತಕಗಳಲ್ಲಿ ಬರುವ ಮೊಕದ್ದಮೆ ಒಂದಿದೆ: ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆದಾರರ ನಡುವಿನದು. 1944ರಲ್ಲಿ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ಸರ್ಕಾರಿ ಅಧಿಕಾರಿಗಳು ಹೇಳಿದರೆಂದು ಈ ಸಂಸ್ಥೆ ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಕಚೇರಿ, ಅಡುಗೆಮನೆ, ಗೋದಾಮಿನ ಶೆಡ್ಡುಗಳನ್ನು ಕಟ್ಟಿಕೊಟ್ಟಿತು. ಬಿಲ್ಲು 19,325 ರೂಪಾಯಿ. ಕರಾರು ಮಾಡುವ ಅಧಿಕಾರವೇ ಆ ಅಧಿಕಾರಿಗಳಿಗೆ ಇರಲಿಲ್ಲ, ಆದ್ದರಿಂದ ಕೊಡುವುದಿಲ್ಲ ಎಂದಿತು ಸರ್ಕಾರ. ಸರಿಯಾದ ಕರಾರು ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಶೆಡ್ಡುಗಳನ್ನು ಬಳಸಿಕೊಂಡದ್ದು ಸರ್ಕಾರವೇ, 70ನೇ ಕಲಂ ಪ್ರಕಾರ ಹಣ ಕೊಡಬೇಕು ಎಂದು 1961ರಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಪಿ.ಬಿ. ಗಜೇಂದ್ರಗಡಕರ್. ಮುಂದೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಹೆಸರಿನಲ್ಲಿ ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡ ಇದೆ, ಅವರು ಎರಡು ವರ್ಷ ಓದಿದ್ದೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ.

ಇಷ್ಟು ಓದಿದಾಗ ಮೇಸ್ತ್ರಿಯವರೇ ಗೆದ್ದರು ಎಂದು ನನಗೆ ಅನಿಸಿತ್ತು. ಮುಂದಿನ ಪುಟದಲ್ಲಿ ವಿಷಯ ತಿರುಗಿತು. ಯಾರು ಬೇಕಾದರೂ ಬಂದು ಬೇಡದ ಕೆಲಸ ಮಾಡಿ ಬಿಲ್ಲು ಕೇಳಬಹುದೇ ಎಂಬ ಪ್ರಶ್ನೆಗೂ ಅದೇ ತೀರ್ಪಿನಲ್ಲಿ ಉತ್ತರವಿದೆ. ಇನ್ನೊಬ್ಬನಿಗೆ ಅದನ್ನು ಬೇಡ ಎನ್ನುವ ಅವಕಾಶ ಇರಬೇಕು. ವಸ್ತುವಾದರೆ ವಾಪಸ್ ಮಾಡುವ ಅವಕಾಶ, ಕೆಲಸವಾದರೆ ಸ್ವೀಕರಿಸದಿರುವ ಅವಕಾಶ. ಅವಕಾಶವಿದ್ದೂ ತನ್ನ ಇಷ್ಟದಿಂದ ಸ್ವೀಕರಿಸಿದರೆ ಮಾತ್ರ ಹಣದ ಹೊಣೆ ಬರುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ನೀವು ಹೇಳಿದ್ದಿರಾ?’ ಎಂಬುದೊಂದೇ ಅಲ್ಲ, ‘ಬೇಡ ಎನ್ನಲು ನಿಮಗೆ ಸಮಯ ಇತ್ತೇ, ಇದ್ದಾಗ ಏನು ಮಾಡಿದಿರಿ?’ ಎಂಬುದೂ ಹೌದು. ಟ್ಯಾಂಕಿಗೆ ಮೂರು ದಿನ ಇತ್ತು. ಗ್ರಾನೈಟಿಗೆ ಹತ್ತು ದಿನ ಇತ್ತು. ಬಾಲ್ಕನಿಗೆ ಒಂದು ಗಂಟೆಯೂ ಇರಲಿಲ್ಲ. ನಾವು ಬಂದಾಗ ಕಾಂಕ್ರೀಟು ಗಟ್ಟಿಯಾಗಿತ್ತು.

ಆದರೆ ಬಾಲ್ಕನಿ ಈಗಲೂ ನಮ್ಮ ಮನೆಗೇ ಅಂಟಿಕೊಂಡಿದೆಯಲ್ಲ, ಅದು ಪ್ರಯೋಜನ ಪಡೆದಂತಲ್ಲವೇ? ಇದಕ್ಕೆ ಖಾಲಾ ಮಗ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ತೋರಿಸಿದ. 1898ರ ಸಂಪ್ಟರ್ ಮತ್ತು ಹೆಜಸ್ ಪ್ರಕರಣ. ಸಂಪ್ಟರ್ ಎಂಬ ಗುತ್ತಿಗೆದಾರ 565 ಪೌಂಡಿಗೆ ಎರಡು ಮನೆ ಮತ್ತು ಕುದುರೆ ಲಾಯ ಕಟ್ಟಲು ಒಪ್ಪಿ, ಅರ್ಧ ದಾಟಿದ ಮೇಲೆ ಕೈಯಲ್ಲಿ ಹಣವಿಲ್ಲದೆ ಬಿಟ್ಟುಹೋದ. ಜಾಗದ ಮಾಲೀಕ ಹೆಜಸ್ ಉಳಿದ ಕೆಲಸ ತಾನೇ ಮುಗಿಸಿಕೊಂಡ. ಕಟ್ಟಿದ ಅರ್ಧಕ್ಕೆ ಹಣ ಕೊಡು ಎಂದು ಸಂಪ್ಟರ್ ದಾವೆ ಹಾಕಿದ. ನ್ಯಾಯಾಲಯ ಕೊಡಿಸಲಿಲ್ಲ. ತನ್ನ ನೆಲದಲ್ಲಿ ನಿಂತಿರುವ ಗೋಡೆಯನ್ನು ಇಟ್ಟುಕೊಳ್ಳದೆ ಮಾಲೀಕನಿಗೆ ಬೇರೆ ದಾರಿ ಇರಲಿಲ್ಲ, ಇಟ್ಟುಕೊಂಡ ಮಾತ್ರಕ್ಕೆ ಒಪ್ಪಿದಂತಾಗದು ಎಂಬುದು ಕಾರಣ. ಆದರೆ ಅಂಗಳದಲ್ಲಿ ಬಿಡಿಯಾಗಿ ಬಿದ್ದಿದ್ದ ಸಾಮಗ್ರಿಯನ್ನು ಹೆಜಸ್ ಬಳಸಿದ್ದ. ಅದನ್ನು ಬಳಸದೆ ಇರಬಹುದಿತ್ತು, ಆದ್ದರಿಂದ ಅದಕ್ಕೆ ಬೆಲೆ ಕೊಡಬೇಕಾಯಿತು. ಇದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲ, ಅಲ್ಲಿ ಕೆಲಸ ಅರ್ಧಕ್ಕೆ ನಿಂತಿತ್ತು, ಇಲ್ಲಿ ಹೆಚ್ಚಾಗಿದೆ. ಆದರೂ ಗೋಡೆ ಮತ್ತು ಬಿಡಿ ಇಟ್ಟಿಗೆಯ ವ್ಯತ್ಯಾಸ ನನಗೆ ಬಹಳ ಹಿಡಿಸಿತು. ನಮ್ಮ ಟ್ಯಾಂಕು ಬಿಡಿ ಇಟ್ಟಿಗೆ, ಬಾಲ್ಕನಿ ಗೋಡೆ.

ನಾನು ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ದಾದಿ ಒಂದು ಮಾತು ಹೇಳಿದರು: ಫುಝೂಲ್ ಕೆಲಸ. ನಮ್ಮ ಮನೆಯಲ್ಲಿ ಫುಝೂಲ್ ಎಂದರೆ ವ್ಯರ್ಥ, ಫುಝೂಲ್ ಖರ್ಚಿ ಎಂದರೆ ದುಂದುವೆಚ್ಚ. ಇದನ್ನು ನಮ್ಮ ಮೊಹಲ್ಲಾದ ಮದರಸಾದ ಹಜರತ್‌ಗೆ ಹೇಳಿದಾಗ ಅವರು ನಕ್ಕರು. ಫಿಕ್ಹ್‌ನಲ್ಲಿ ‘ಫುಝೂಲಿ’ ಎಂಬ ಪದವೇ ಇದೆಯಂತೆ, ಇನ್ನೊಬ್ಬರ ಸೊತ್ತಿನಲ್ಲಿ ಅವರ ಅನುಮತಿ ಇಲ್ಲದೆ ವ್ಯವಹಾರ ಮಾಡುವವನು ಎಂದು ಅರ್ಥ. ಹನಫಿ ವಿದ್ವಾಂಸರ ಪ್ರಕಾರ ಅಂಥವನು ಮಾಡಿದ ಮಾರಾಟ ಪೂರ್ತಿ ಬಿದ್ದೂ ಹೋಗುವುದಿಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಅದು ಮೌಕೂಫ್, ಅಂದರೆ ತಡೆದು ನಿಂತಿರುತ್ತದೆ. ಮಾಲೀಕ ಇಜಾಝತ್ ಕೊಟ್ಟರೆ ಜಾರಿ, ಇಲ್ಲವೆಂದರೆ ರದ್ದು. ಅವರು ಸಹೀಹ್ ಬುಖಾರಿಯಲ್ಲಿರುವ ಹಜರತ್ ಉರ್ವಾ (ರ) ಅವರ ಘಟನೆ ಹೇಳಿದರು. ಪ್ರವಾದಿಯವರು (ಸ) ಒಂದು ಕುರಿ ತರಲು ಅವರಿಗೆ ಒಂದು ದೀನಾರ್ ಕೊಟ್ಟಿದ್ದರು. ಅವರು ಆ ಹಣಕ್ಕೆ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿಯವರು (ಸ) ಕೋಪಿಸಲಿಲ್ಲ, ಅವರ ವ್ಯಾಪಾರದಲ್ಲಿ ಬರಕತ್ ಇರಲೆಂದು ದುಆ ಮಾಡಿದರು.

ನಾನು ಕೇಳಿದೆ: ಹಾಗಾದರೆ ಹೇಳದೆ ಮಾಡಿದ ಕೆಲಸ ಸರಿ ಎಂದಾಯಿತಲ್ಲ? ಹಜರತ್ ಹೇಳಿದರು: ಉರ್ವಾ ಅವರು ಬಂದು ನಡೆದದ್ದೆಲ್ಲ ಹೇಳಿ ಕುರಿ ದೀನಾರ್ ಎರಡನ್ನೂ ಮುಂದಿಟ್ಟರು. ಹೆಚ್ಚಿಗೆ ಬಂದದ್ದನ್ನು ಮಾಲೀಕರಿಗೆ ಒಪ್ಪಿಸಿದರು, ಮಾಲೀಕರಿಂದ ಹೆಚ್ಚಿಗೆ ಕೇಳಲಿಲ್ಲ. ಆಮೇಲೆ ಒಪ್ಪಿಗೆ ಸಿಕ್ಕಿತು. ಇಷ್ಟನ್ನು ಕೇಳಿದ ಮೇಲೆ ಕರಾರು ಕಾಯ್ದೆಯ 196ನೇ ಕಲಂ ಓದಿದರೆ ಆಶ್ಚರ್ಯವಾಗುತ್ತದೆ. ತನ್ನ ಪರವಾಗಿ ಇನ್ನೊಬ್ಬ ಅಧಿಕಾರವಿಲ್ಲದೆ ಮಾಡಿದ್ದನ್ನು ಒಪ್ಪಿಕೊಳ್ಳುವ ಅಥವಾ ತಳ್ಳಿಹಾಕುವ ಆಯ್ಕೆ ಮಾಲೀಕನದು ಎಂದು ಅಲ್ಲೂ ಇದೆ. ಮೇಸ್ತ್ರಿ ನಮ್ಮ ಏಜೆಂಟ್ ಅಲ್ಲದ ಕಾರಣ ಆ ಕಲಂ ನೇರವಾಗಿ ಹೊಂದುವುದಿಲ್ಲ. ಆದರೆ ಆಯ್ಕೆ ಯಾರದು ಎಂಬ ಮಾತಿನಲ್ಲಿ ಎರಡೂ ಒಂದೇ.

ಬಾಲ್ಕನಿಗೆ ಇನ್ನೊಂದು ತೊಡಕಿದೆ. ನಗರಸಭೆ ಮಂಜೂರು ಮಾಡಿದ ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ. ಮುಂದೆ ಖಾಲಿ ಬಿಡಬೇಕಾದ ಜಾಗದ ಮೇಲೆ ಅದು ಚಾಚಿದೆ. ನಾಳೆ ನೋಟಿಸ್ ಬಂದರೆ ಬಾಗಿಲು ತಟ್ಟುವುದು ನಮ್ಮದು, ಒಡೆಯುವ ಖರ್ಚೂ ನಮ್ಮ ತಲೆಗೇ. 70ನೇ ಕಲಂನಲ್ಲಿ ‘ಕಾನೂನುಬದ್ಧವಾಗಿ’ ಎಂಬ ಪದ ಸುಮ್ಮನೆ ಇಲ್ಲ. ನಕ್ಷೆ ಮೀರಿ ಕಟ್ಟಿದ್ದನ್ನು ಹಾಗೆ ಕರೆಯಬಹುದೇ ಎಂದು ಯಾವ ನ್ಯಾಯಾಧೀಶರಾದರೂ ಕೇಳಿಯೇ ಕೇಳುತ್ತಾರೆ ಎಂದು ನನ್ನ ಅನಿಸಿಕೆ.

ಇಲ್ಲಿಯವರೆಗೆ ಮೇಸ್ತ್ರಿಯ ತಪ್ಪು. ಈಗ ನಮ್ಮದು. ಎಕ್ಸ್‌ಟ್ರಾ ಬಿಲ್ಲಿನ ಸಿಟ್ಟಿನಲ್ಲಿ ಅಬ್ಬಾ 1,40,000ದ ಬಾಕಿಯನ್ನೂ ತಡೆದರು. ಅದು ಒಪ್ಪಿದ ಹಣ, ಅದರ ಮೇಲೆ ತಕರಾರು ಇರಲಿಲ್ಲ. ಹತ್ತನೆಯ ದಿನ ಸೆಂಟ್ರಿಂಗ್ ಕೆಲಸದವನೊಬ್ಬ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ಮೇಸ್ತ್ರಿ ಕೊಟ್ಟಿಲ್ಲ, ನಿಮ್ಮಿಂದ ಬಂದಿಲ್ಲ ಅಂತಾರೆ, ಎಂಟು ದಿನದ ಕೂಲಿ ಎಂದ. ಕಾನೂನಿನಲ್ಲಿ ಅವನ ಕೂಲಿಯ ಹೊಣೆ ಮೊದಲು ಮೇಸ್ತ್ರಿಯದು ಎಂದು ನಾನು ಹೇಳಲು ಹೋದೆ. ದಾದಿ ನನ್ನ ಮಾತನ್ನು ಅರ್ಧಕ್ಕೆ ತಡೆದರು. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ಅಬ್ಬಾ ಅವರಿಗೆ ನೆನಪಿಸಿದರು. ಬೆವರು ಆರಿ ಹತ್ತು ದಿನವಾಯಿತು ಮಗಾ, ಎಂದರು. ಅಂದು ಸಂಜೆಯೇ ಅಬ್ಬಾ ಮೇಸ್ತ್ರಿಯನ್ನು ಕರೆಸಿದರು.

ನಿವೃತ್ತ ಇಂಜಿನಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರು ಇಬ್ಬರ ನಡುವೆ ಟೇಪು ಹಿಡಿದು ಕೂತರು. ನಾನು ಐದು ನಮೂದಿನ ಪಟ್ಟಿ ಓದಿದೆ. ನಾಲ್ಕಕ್ಕೆ ಅಬ್ಬಾ ಹೂಂ ಎಂದರು, 98,000. ಗ್ರಾನೈಟಿನ ಹತ್ತಿರ ಬಂದಾಗ ನನ್ನ ಕಡೆ ಒಂದು ಸಲ ನೋಡಿದರು. ಬಾಕಿ ಸೇರಿ 2,38,000ಕ್ಕೆ ಎರಡು ಚೆಕ್ ಬರೆದರು, ಮೇಸ್ತ್ರಿಯಿಂದ ರಶೀದಿ ತೆಗೆದುಕೊಂಡರು. ನನ್ನ ಫೀಸಿನ ಹಣದಲ್ಲಿ ಅರ್ಧ ಹೋಯಿತು. ಬಾಲ್ಕನಿಯ 1,14,000 ಮಾತ್ರ ತೀರ್ಮಾನವಾಗಲಿಲ್ಲ. ಕೋಣೆಯ ದರವನ್ನು ಬಾಲ್ಕನಿಗೆ ಹಾಕುವುದು ಸರಿಯಲ್ಲ ಎಂದು ಇಂಜಿನಿಯರ್ ಮೇಸ್ತ್ರಿಗೆ ಹೇಳಿದರು. ದರದ ಮಾತೇ ಬೇಡ, ನಾನು ಹೇಳಿಯೇ ಇಲ್ಲ ಎಂದು ಅಬ್ಬಾ ಹೇಳಿದರು. ವಕೀಲರ ನೋಟಿಸ್ ಕಳಿಸುತ್ತೇನೆ ಎಂದು ಮೇಸ್ತ್ರಿ ಎದ್ದು ಹೋದರು. ಹೋಗುವಾಗ ಚಹಾ ಮಾತ್ರ ಕುಡಿದು ಹೋದರು.

ಇಂಥ ಜಗಳದಲ್ಲಿ ಯಾರು ಎಲ್ಲಿಗೆ ಹೋಗಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಮನೆ ಕಟ್ಟಿಕೊಡುವುದು ಗ್ರಾಹಕ ಕಾನೂನಿನಲ್ಲಿ ‘ಸೇವೆ’. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಮನೆ ನಿರ್ಮಾಣ ಸೇವೆಯೇ. ಆದ್ದರಿಂದ ಕೆಲಸ ಕರಾರಿನಂತೆ ಇಲ್ಲದಿದ್ದರೆ ಮನೆಯವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದೊಳಗೆ ಇರಬೇಕು, ಎರಡು ವರ್ಷದೊಳಗೆ ದೂರು ಕೊಡಬೇಕು. ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 10ರಿಂದ 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಇರಲೇಬೇಕು ಎಂದಿಲ್ಲ. ದೂರು ಕೊಡುವ ಮುಂಚೆ ಸಲಹೆ ಬೇಕಾದರೆ 1915 ಸಹಾಯವಾಣಿ ಇದೆ. ಆದರೆ ಹಣ ಬಾರದ ಮೇಸ್ತ್ರಿ ಈ ಆಯೋಗಕ್ಕೆ ಹೋಗಲಾಗದು, ಏಕೆಂದರೆ ಅವರು ಗ್ರಾಹಕರಲ್ಲ. ಅವರಿಗೆ ಸಿವಿಲ್ ನ್ಯಾಯಾಲಯವೇ ಗತಿ. ಅಲ್ಲಿ ಖರ್ಚು ಹೆಚ್ಚು, ಕಾಯುವುದೂ ಹೆಚ್ಚು. ನಮ್ಮ ಕಾಲೇಜಿನಲ್ಲೇ ಎಷ್ಟೋ ಜನರ ತಂದೆ ಗಾರೆ, ಟೈಲ್ಸ್, ಬಣ್ಣದ ಕೆಲಸದವರು. ಅವರ ದೃಷ್ಟಿಯಿಂದ ನೋಡಿದರೆ ಬರೆದಿಟ್ಟುಕೊಳ್ಳುವ ಅಗತ್ಯ ಮನೆಯವರಿಗಿಂತ ಅವರಿಗೇ ಹೆಚ್ಚು.

ಕುರ್‌ಆನಿನ ಅತಿ ಉದ್ದದ ಆಯತ್ ಸೂರಾ ಬಕರಾದ 282ನೆಯದು. ಚಿಕ್ಕಂದಿನಲ್ಲಿ ಅದನ್ನು ಓದುವಾಗ ಉಸಿರು ಸಾಲುತ್ತಿರಲಿಲ್ಲ. ಅದರ ವಿಷಯ ಅವಧಿಯ ಸಾಲವನ್ನು ಬರೆದಿಡುವುದು, ಸಾಕ್ಷಿ ಇಡುವುದು, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಿಸದಿರುವುದು ಎಂದು ಅರ್ಥದೊಂದಿಗೆ ಓದಿದ್ದು ಈ ರಜೆಯಲ್ಲೇ. ಕಂತಿನಲ್ಲಿ ಹಣ ಕೊಡುವ ಗುತ್ತಿಗೆಯೂ ಒಂದು ರೀತಿ ಸಾಲದಂತೆಯೇ ಅಲ್ಲವೇ? ನಮ್ಮ ಹಾಳೆಯಲ್ಲಿ ಬೇಕಾಗಿದ್ದದ್ದು ಒಂದೇ ಸಾಲು: ಯಾವ ಹೆಚ್ಚುವರಿ ಕೆಲಸವನ್ನೂ, ಏನು ಮತ್ತು ಎಷ್ಟು ಎಂದು ಬರೆದು ಮನೆಯವರ ಒಪ್ಪಿಗೆ ಪಡೆದ ಮೇಲೆಯೇ ಶುರು ಮಾಡಬೇಕು. ಈಗ ಕೆಳಗಿನ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಪೇಂಟರ್‌ಗೆ ಕೊಟ್ಟ ಹಾಳೆಯಲ್ಲಿ ಆ ಸಾಲನ್ನು ನಾನೇ ಬರೆದೆ. ಅವರು ಓದಿ, ಇದೇನು ಕೋರ್ಟ್ ಕಾಗದವೇ ಎಂದು ಕೇಳಿ, ಸಹಿ ಹಾಕಿದರು.

ಬಾಲ್ಕನಿ ಹಾಗೇ ಇದೆ. ಒಡೆದರೆ ಒಳಗಿನ ಸ್ಲ್ಯಾಬಿಗೆ ಪೆಟ್ಟು ಬೀಳಬಹುದು ಎಂದು ಇಂಜಿನಿಯರ್ ಹೇಳಿದ್ದಾರೆ. ಒಪ್ಪಿಲ್ಲ ಎಂದಮೇಲೆ ಬಳಸಬಾರದು, ಬಳಸಿದರೆ ಪ್ರಯೋಜನ ಪಡೆದಂತಾಗುತ್ತದೆ ಎಂದು 70ನೇ ಕಲಂ ಓದಿದ ದಿನ ನಾನೇ ಹೇಳಿದ್ದೆ. ಅಬ್ಬಾ ಅದಕ್ಕೆ ಹೋಗುವ ಬಾಗಿಲಿಗೆ ಬೀಗ ಹಾಕಿ, ಕೆಲಸವನ್ನು ಒಪ್ಪಿಲ್ಲ ಎಂದು ಮೇಸ್ತ್ರಿಗೆ ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸಿದರು. ಈ ಸಲ ಹೆಬ್ಬೆರಳಿನ ಚಿಹ್ನೆ ಕಳಿಸಿದ್ದು ಮೇಸ್ತ್ರಿ. ಬೆಳಗಿನ ಬಿಸಿಲು ಬೀಳುವುದು ಮನೆಯಲ್ಲಿ ಅದೊಂದೇ ಕಡೆ. ದಾದಿ ಎರಡು ವಾರದಿಂದ ಬೀಗದ ಕೈ ಕೇಳುತ್ತಿದ್ದಾರೆ.